ರಸ್ತೆ ಬಿಲ್ಲಿನ ಲೆಕ್ಕ ಬೇರೆ, ಕಲ್ಲು ಬಿದ್ದ ಲೆಕ್ಕ ಬೇರೆ

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆದಾಗಿನ ಒಂದು ಗ್ರಾಮ ಪಂಚಾಯ್ತಿ. ಊರಾಗ ಎರಡು ಪಾರ್ಟಿ ಅವ, ಮದುವಿ ಇದ್ರೂ ಒಬ್ಬರ ಮನಿಗೊಬ್ಬರು ಹೋಗಂಗಿಲ್ಲ. ಹೋದ ವರ್ಷ ನಮ್ಮ ಓಣಿಗೆ ಸಿ.ಸಿ. ರೋಡ್ ಹಾಕಿದ್ರು, ಮೂರು ತಿಂಗಳಿಗೇ ಕಿತ್ತು ಬಂತು. ಅದೇ ರೋಡಿಗೆ ಎರಡು ಕಡಿಂದ ಬಿಲ್ ಎತ್ಯಾರ ಅಂತ ಗೊತ್ತಾತು. ಶಾಸಕರ ಕಡೆಯವರಿಗೂ ಪರ್ಸೆಂಟೇಜ್ ಹೋಗ್ಯದ ಅಂತಾರ. ತಾಲ್ಲೂಕು ಪಂಚಾಯ್ತಿ ಇ.ಓ. ಸಾಹೇಬರಿಗೆ ಎರಡು ಸಲ ಅರ್ಜಿ ಕೊಟ್ಟೀವಿ, ಏನೂ ಆಗಲಿಲ್ಲ. ಕಡೀಕ ತಾಲ್ಲೂಕು ಪಂಚಾಯ್ತಿ ಮುಂದ ಧರಣಿ ಕುಂತೀವಿ. ಮಧ್ಯಾಹ್ನದ ಮ್ಯಾಲ ಯಾರೋ ಕಲ್ಲು ಒಗೆದ್ರು. ಆಫೀಸಿನ ಕಿಟಕಿ, ಒಂದು ಸಾರಿಗೆ ಬಸ್ಸಿನ ಗ್ಲಾಸ್ ಒಡೀತು, ಒಬ್ಬ ಪೊಲೀಸಪ್ಪಗ ತಲಿಗೆ ಪೆಟ್ಟಾತು. ಈಗ 14 ಮಂದಿ ಹೆಸರು ಹಾಕಿ 'ಇತರೆ 50 ಜನ' ಅಂತ ಕೇಸ್ ಆಗ್ಯದ. ನನ್ನ ಮಗನ ಹೆಸರೂ ಅದ. ಅಂವ ಮೊಬೈಲ್‌ನಾಗ ವಿಡಿಯೊ ಮಾಡಕತ್ತಿದ್ದ ಅಷ್ಟೇ. ಕಲಬುರಗಿದಾಗ ಪಿ.ಎಸ್.ಐ. ಪರೀಕ್ಷೆಗೆ ಓದಕತ್ಯಾನ. ಅಧ್ಯಕ್ಷರ ಕಡೆಯವರು 'ರೋಡಿನ ಅರ್ಜಿ ವಾಪಸ್ ತಗೋರಿ, ನಾವು ಕೇಸ್ ವಾಪಸ್ ತಗಸ್ತೀವಿ' ಅಂತ ಹೇಳಿ ಕಳಿಸ್ಯಾರ. ಹುಡುಗರು 'ನೇಪಾಳದಾಗ ಹಿಂಗ ಮಾಡಿದ್ದಕ್ಕೇ ಸರ್ಕಾರ ಬಿತ್ತು' ಅಂತಾರ. ನಷ್ಟದ ರೊಕ್ಕ ಧರಣಿ ಕುಂತವರ ಹೊಲ ಹರಾಜು ಹಾಕಿ ತಗೋತಾರಂತ, ಖರೇನಾ? ನಾವು ಏನ್ ಮಾಡಬೇಕ್ರಿ?

ಉತ್ತರ: ನಿಮ್ಮ ಪತ್ರದಲ್ಲಿರುವುದು ಎರಡು ಪ್ರಕರಣ. ಒಂದೇ ರಸ್ತೆಗೆ ಎರಡು ಬಿಲ್ ಎತ್ತಿದ್ದು ಒಂದು. ಧರಣಿಯಲ್ಲಿ ಕಲ್ಲು ಬಿದ್ದು ಪೊಲೀಸರೊಬ್ಬರಿಗೆ ಗಾಯವಾದದ್ದು ಇನ್ನೊಂದು. ಅಧ್ಯಕ್ಷರ ಕಡೆಯವರು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ಸರಿದೂಗಿಸಲು ನೋಡುತ್ತಿದ್ದಾರೆ. ನಿಮ್ಮ ಹುಡುಗರು ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ: ಅವರು ತಿಂದರು, ಅದಕ್ಕೆ ನಾವು ಒಗೆದೆವು. ಕಾನೂನಿನಲ್ಲಿ ಈ ಎರಡು ಲೆಕ್ಕ ಎಲ್ಲಿಯೂ ಕೂಡುವುದಿಲ್ಲ, ಒಂದರಲ್ಲಿ ಇನ್ನೊಂದು ಕಳೆಯುವುದೂ ಇಲ್ಲ. ತನಿಖೆ ಮಾಡುವವರು ಬೇರೆ, ಸಾಕ್ಷಿ ಬೇರೆ, ಗಡುವು ಬೇರೆ. ಆದ್ದರಿಂದ ಇವತ್ತೇ ಎರಡು ಫೈಲ್ ಮಾಡಿ. ರಸ್ತೆಯ ದೂರನ್ನು ಆರೋಪಿಗಳ ಪಟ್ಟಿಯಲ್ಲಿಲ್ಲದ, ಸಾಧ್ಯವಾದರೆ ಯಾವ ಪಾರ್ಟಿಯ ಹಣೆಪಟ್ಟಿಯೂ ಇಲ್ಲದ ಒಬ್ಬರು ಮುಂದುವರಿಸಲಿ. ನಿವೃತ್ತ ಮೇಷ್ಟರೊಬ್ಬರು ಸಿಕ್ಕರೆ ಬಹಳ ಒಳ್ಳೆಯದು. ಆರೋಪಿಯೇ ದೂರುದಾರನಾದರೆ ಎದುರಿನ ವಕೀಲರ ಮೊದಲ ವಾಕ್ಯವೇ 'ಇದು ಸೇಡಿನ ದೂರು' ಎಂದಿರುತ್ತದೆ.

ಮೊದಲು ಮಗನ ವಿಷಯ, ಏಕೆಂದರೆ ಅದಕ್ಕೆ ಸಮಯ ಕಡಿಮೆ.

ಎಫ್.ಐ.ಆರ್. ಪ್ರತಿ ತೆಗೆದು ಕಲಮುಗಳನ್ನು ಓದಿ. ರಾಜ್ಯ ಪೊಲೀಸರ ಜಾಲತಾಣದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. 2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಇಂಥ ಪ್ರಕರಣದಲ್ಲಿ ಸಾಮಾನ್ಯವಾಗಿ ಕಾಣುವವು: ಅಕ್ರಮ ಕೂಟಕ್ಕೆ 189 ಮತ್ತು 190, ದೊಂಬಿಗೆ 191, ಕರ್ತವ್ಯದಲ್ಲಿದ್ದ ನೌಕರನ ಮೇಲೆ ಹಲ್ಲೆಗೆ 132, ಗಾಯಪಡಿಸಿದ್ದಕ್ಕೆ 121. ಜೊತೆಗೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ, ಕೆಲವೊಮ್ಮೆ ರಾಜ್ಯದ 1981ರ ಆಸ್ತಿ ನಾಶ ಮತ್ತು ನಷ್ಟ ತಡೆ ಕಾಯ್ದೆ. ಬಸ್ಸಿನ ಗಾಜು ಒಡೆದದ್ದು ಸಣ್ಣದೆಂದು ತಿಳಿಯಬೇಡಿ. 1984ರ ಕಾಯ್ದೆಯಲ್ಲಿ ಕಚೇರಿ ಕಿಟಕಿಗೆ ಐದು ವರ್ಷದವರೆಗೆ ಶಿಕ್ಷೆ ಇದ್ದರೆ, ಸಾರ್ವಜನಿಕ ಸಾರಿಗೆಗೆ ಹಾನಿ ಮಾಡಿದರೆ ಕನಿಷ್ಠ ಆರು ತಿಂಗಳೆಂದೂ ಹೇಳಿದೆ. ಬೆಂಕಿ ಹಚ್ಚಿದ್ದರೆ ಒಂದರಿಂದ ಹತ್ತು ವರ್ಷ. ನಿಮ್ಮಲ್ಲಿ ಬೆಂಕಿ ಬಿದ್ದಿಲ್ಲ ಎನ್ನುವುದು ಜಾಮೀನಿನ ಹೊತ್ತಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಇಲ್ಲಿರುವ ಕಷ್ಟದ ಕಲಮು 190. ಐದು ಅಥವಾ ಹೆಚ್ಚು ಜನ ಒಂದು ಅಕ್ರಮ ಉದ್ದೇಶಕ್ಕೆ ಸೇರಿದ್ದರೆ, ಒಬ್ಬ ಮಾಡಿದ ಅಪರಾಧಕ್ಕೆ ಎಲ್ಲರೂ ಹೊಣೆ ಎನ್ನುತ್ತದೆ ಅದು. ಹಳೆಯ ದಂಡ ಸಂಹಿತೆಯ 149 ಇದೇ. ಹಾಗೆಂದು ಅಲ್ಲಿ ನಿಂತಿದ್ದವರೆಲ್ಲ ಅಪರಾಧಿಗಳಲ್ಲ. ಸುಮ್ಮನೆ ನೋಡುತ್ತಿದ್ದವನು ಕೂಟದ ಸದಸ್ಯನಲ್ಲ. ದೊಡ್ಡ ಗುಂಪಿನ ಪ್ರಕರಣದಲ್ಲಿ ಒಬ್ಬೊಬ್ಬ ಆರೋಪಿಯ ಬಗ್ಗೆಯೂ ಎರಡು ಮೂರು ಸಾಕ್ಷಿಗಳು ಹೊಂದಿಕೆಯಾಗುವಂತೆ ಹೇಳಿದರೆ ಮಾತ್ರ ಶಿಕ್ಷೆ ಕೊಡುವುದು ಕ್ಷೇಮ ಎಂಬ ಎಚ್ಚರಿಕೆಯನ್ನು ಸುಪ್ರೀಂ ಕೋರ್ಟ್ 1964ರ ಮಸಲ್ತಿ ಪ್ರಕರಣದಲ್ಲೇ ಹೇಳಿದೆ. ಹೆಸರಿಸಿದ 14 ಜನರಲ್ಲಿ ಯಾರು ಏನು ಮಾಡಿದರೆಂದು ಎಫ್.ಐ.ಆರ್.ನಲ್ಲಿ ಬರೆದಿದೆಯೇ, ಅಥವಾ ಎಲ್ಲರಿಗೂ ಸೇರಿಸಿ ಒಂದೇ ವಾಕ್ಯವಿದೆಯೇ ನೋಡಿ. ಒಂದೇ ವಾಕ್ಯವಿದ್ದರೆ ವಕೀಲರಿಗೆ ಹಿಡಿಯಲು ಜಾಗ ಸಿಕ್ಕಿತು.

132, 121 ಮತ್ತು 1984ರ ಕಾಯ್ದೆ, ಮೂರರಲ್ಲೂ ಠಾಣೆಯಲ್ಲಿ ಜಾಮೀನು ಸಿಗುವುದಿಲ್ಲ. ಹೀಗಾಗಿ ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) 482ರಡಿ ಯಾದಗಿರಿ ಜಿಲ್ಲಾ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ. ಅಲ್ಲಿ ಆಗದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠವಿದೆ. ಬೆಂಗಳೂರಿಗೆ ಓಡಬೇಕಿಲ್ಲ, 2013ರಿಂದ ಅದು ಕಾಯಂ ಪೀಠ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ತಾನಾಗಿ ಆಗಬೇಕಾದದ್ದಲ್ಲ, ಕಾರಣ ಬರೆದಿಡಬೇಕು. ಇಲ್ಲವಾದರೆ ಅದೇ ಸಂಹಿತೆಯ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ಆ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆದರೆ ಕಾಗದದ ನೋಟಿಸ್ ಬಂದ ಮೇಲೆ ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ಕಲಬುರಗಿಯ ರೂಮು ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋಗಿ ಕೂತರೆ 'ತಲೆಮರೆಸಿಕೊಂಡಿದ್ದಾನೆ' ಎಂಬ ಒಂದು ಸಾಲಿನಿಂದ ಜಾಮೀನೇ ಕೆಡುತ್ತದೆ.

ಎಫ್.ಐ.ಆರ್. ರದ್ದುಪಡಿಸಿ ಎಂದು ಈಗಲೇ ಹೈಕೋರ್ಟಿಗೆ ಹೋಗಲು ಕೆಲವರು ಸಲಹೆ ಕೊಡಬಹುದು. ನನ್ನ ಅಭಿಪ್ರಾಯದಲ್ಲಿ ಅದು ಆತುರ. ಯಾರು ಒಗೆದರು ಎಂಬುದೇ ವಾದದ ವಿಷಯವಾಗಿರುವಾಗ ಹೈಕೋರ್ಟ್ ಸಾಮಾನ್ಯವಾಗಿ 'ತನಿಖೆ ಆಗಲಿ' ಎನ್ನುತ್ತದೆ, ಆ ಆದೇಶವೇ ಮುಂದೆ ನಿಮಗೆ ಅಡ್ಡಿಯಾಗುತ್ತದೆ. ಬದಲಿಗೆ, ಮಗನ ಬಳಿ ಇರುವ ವಿಡಿಯೊ ಬಗ್ಗೆ ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ದೋಷಾರೋಪ ಪಟ್ಟಿ ಬಂದ ಮೇಲೂ ಹೆಸರು ಉಳಿದಿದ್ದರೆ, ದಾಖಲೆ ಕೈಸೇರಿದ 60 ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆ ಅರ್ಜಿ ಹಾಕಬಹುದು.

ವಿಡಿಯೊ ವಿಷಯದಲ್ಲಿ ಜನ ಕೈಯಾರೆ ಕೆಡಿಸಿಕೊಳ್ಳುವುದೇ ಹೆಚ್ಚು. ವಾಟ್ಸಾಪ್‌ಗೆ ಹಾಕಿದ ವಿಡಿಯೊ ಸಂಕುಚಿತಗೊಂಡು, ಎಂದು ಎಷ್ಟು ಹೊತ್ತಿಗೆ ತೆಗೆದದ್ದೆಂಬ ಒಳಮಾಹಿತಿ ಕಳೆದುಕೊಳ್ಳುತ್ತದೆ. ಮೂಲ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ, ರಿಪೇರಿಗೂ ಕೊಡಬೇಡಿ. ಪೊಲೀಸರು ಫೋನ್ ವಶಪಡಿಸಿಕೊಳ್ಳುವುದಾದರೆ ಜಪ್ತಿ ಪಂಚನಾಮೆಯಲ್ಲಿ ಐ.ಎಂ.ಇ.ಐ. (ಫೋನಿನ ಗುರುತಿನ) ಸಂಖ್ಯೆ ಮತ್ತು ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಬರೆಸಿ. ಜಪ್ತಿಯ ಚಿತ್ರೀಕರಣ ಆಗಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105 ಹೇಳುತ್ತದೆ. ನ್ಯಾಯಾಲಯಕ್ಕೆ ಪ್ರತಿ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಬೇಕು. ಅದರ 'ಎ' ಭಾಗಕ್ಕೆ ನಿಮ್ಮ ಮಗನ ಸಹಿ, 'ಬಿ' ಭಾಗಕ್ಕೆ ತಜ್ಞರ ಸಹಿ. ಕಚೇರಿ ಎದುರಿನ ಅಂಗಡಿ, ಬ್ಯಾಂಕುಗಳ ಸಿ.ಸಿ. ಕ್ಯಾಮೆರಾ ದೃಶ್ಯ ಕೆಲವೇ ವಾರಗಳಲ್ಲಿ ಅಳಿಸಿ ಹೊಸದು ಕೂರುತ್ತದೆ. 'ಇಂಥ ದಿನದ, ಇಂಥ ಗಂಟೆಯ ದೃಶ್ಯ ಉಳಿಸಿ' ಎಂದು ಠಾಣಾಧಿಕಾರಿಗೂ ಅಂಗಡಿಯವರಿಗೂ ನೋಂದಾಯಿತ ಅಂಚೆಯಲ್ಲಿ ಬರೆಯಿರಿ.

ನೀವು ಕೇಳದ, ಆದರೆ ಮನಸ್ಸಿನಲ್ಲಿ ಇರಬಹುದಾದ ಪ್ರಶ್ನೆಯೊಂದಿದೆ. ಆ ವಿಡಿಯೊದಲ್ಲಿ ಕಲ್ಲು ಒಗೆಯುತ್ತಿರುವುದು ನಮ್ಮ ಪಾರ್ಟಿಯ ಹುಡುಗನೇ ಆಗಿದ್ದರೆ? ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ, ಮೌನವಾಗಿರುವುದು ಸಂವಿಧಾನದ 20(3) ಕೊಟ್ಟ ಹಕ್ಕು. ಆದರೆ ಅಳಿಸಿ ಹಾಕುವುದು ಬೇರೆ ಮಾತು. ಸಾಕ್ಷ್ಯ ನಾಶ ಪ್ರತ್ಯೇಕ ಅಪರಾಧ, ಅಳಿಸಿದ್ದು ಪ್ರಯೋಗಾಲಯದಲ್ಲಿ ಎಷ್ಟೋ ಸಲ ಮತ್ತೆ ಸಿಗುತ್ತದೆ. ವಿಡಿಯೊ ಕೊಟ್ಟರೆ ಊರಲ್ಲಿ ಹಗೆ, ಕೊಡದಿದ್ದರೆ ಏನೂ ಮಾಡದ ಹನ್ನೆರಡೋ ಹದಿಮೂರೋ ಜನ ವರ್ಷಗಟ್ಟಲೆ ತಾರೀಖಿಗೆ ಅಲೆಯಬೇಕು. ಇದಕ್ಕೆ ಸುಲಭದ ಉತ್ತರವಿಲ್ಲ. ಒಗೆದವನಿಗೆ ಬೇರೆ ವಕೀಲರನ್ನು ಇಡಿ ಎಂದಷ್ಟೇ ಖಚಿತವಾಗಿ ಹೇಳಬಲ್ಲೆ. ಎಲ್ಲ 14 ಜನರೂ ಒಂದೇ ವಕಾಲತ್ತಿಗೆ ಸಹಿ ಹಾಕಿದರೆ, ಒಬ್ಬನನ್ನು ಉಳಿಸುವ ವಾದ ಇನ್ನೊಬ್ಬನನ್ನು ಸಿಕ್ಕಿಸುತ್ತದೆ, ವಕೀಲರು ಬಾಯಿ ಬಿಡಲಾಗುವುದಿಲ್ಲ. ಕಲ್ಲು ಒಗೆದವನು ಎದುರು ಪಾರ್ಟಿ ಕಳಿಸಿದವನೆಂದು ನಿಮಗೆ ಗೊತ್ತಿದ್ದರೆ ಇಂದೇ ಹೆಸರು ಹಿಡಿದು ಬರೆದುಕೊಡಿ. ಆರು ತಿಂಗಳ ನಂತರ ಹೇಳಿದರೆ ಯಾರೂ ನಂಬುವುದಿಲ್ಲ.

ಹೊಲ ಹರಾಜಿನ ಮಾತು

ಅರ್ಧ ಸುಳ್ಳು, ಅರ್ಧ ನಿಜ. ತಹಶೀಲ್ದಾರರೋ ಪೊಲೀಸರೋ ತಾವೇ ನಷ್ಟ ನಿಗದಿ ಮಾಡಿ ಹೊಲ ಹರಾಜು ಹಾಕುವಂತಿಲ್ಲ. ಉತ್ತರ ಪ್ರದೇಶದಲ್ಲಿ 2019ರ ಪ್ರತಿಭಟನೆಗಳ ನಂತರ ಅಧಿಕಾರಿಗಳು ಹೀಗೆ ನೋಟಿಸ್ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಆಕ್ಷೇಪಿಸಿದ ಮೇಲೆ 2022ರ ಫೆಬ್ರವರಿಯಲ್ಲಿ 274 ನೋಟಿಸ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆರೋಪಿ ಎಂಬ ಕಾರಣಕ್ಕೆ ಮನೆ ಕೆಡವುವುದು ಕಾನೂನುಬಾಹಿರ, ಅನಧಿಕೃತ ಕಟ್ಟಡವಾದರೂ 15 ದಿನದ ನೋಟಿಸ್ ಬೇಕು ಎಂದು 2024ರ ನವೆಂಬರ್ 13ರ ತೀರ್ಪು ಹೇಳಿದೆ.

ಇನ್ನರ್ಧ ಹೀಗಿದೆ. 2009ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಕೆ.ಟಿ. ಥಾಮಸ್ ಮತ್ತು ಫಾಲಿ ನಾರಿಮನ್ ಸಮಿತಿಗಳ ವರದಿ ಆಧರಿಸಿ ಕೊಟ್ಟ ಮಾರ್ಗಸೂಚಿಯಂತೆ, ಹಾನಿಗೆ ಸಂಬಂಧ ಸಾಬೀತಾದರೆ ಮಾಡಿದವರ ಜೊತೆಗೆ ಸಂಘಟಕರೂ ಹೊಣೆ. ನಷ್ಟ ಗುರುತಿಸಲು ಹೈಕೋರ್ಟ್ ಕ್ಲೇಮ್ಸ್ ಕಮಿಷನರ್ (ಪರಿಹಾರದ ಲೆಕ್ಕ ಹಾಕುವ ಆಯುಕ್ತ) ನೇಮಿಸಬಹುದು. 2020ರ ಆಗಸ್ಟ್‌ನ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಗಲಭೆಯ ನಂತರ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರ ನೇಮಕವಾದದ್ದು ಹೀಗೆಯೇ. ಒಂದು ಬಸ್ಸಿನ ಗಾಜಿಗೆ ಅಷ್ಟು ದೂರ ಹೋಗುವ ಸಂಭವ ಕಡಿಮೆ. ಆದರೆ ಜಾಮೀನು ಕೊಡುವಾಗ ನಷ್ಟದ ಮೊತ್ತ ಠೇವಣಿ ಇಡಿ ಎಂಬ ಷರತ್ತು ಬರಬಹುದು, ಸುಪ್ರೀಂ ಕೋರ್ಟಿನ 2018ರ ಕೊಡುಂಗಲ್ಲೂರ್ ತೀರ್ಪಿನಲ್ಲಿ ಅದಕ್ಕೆ ದಾರಿಯಿದೆ. ಆಗ ಕೇಳಬೇಕಾದದ್ದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಡಿಪೊ ಗಾಜು ಕೂರಿಸಿದ ಬಿಲ್, ಕಿಟಕಿಯ ಅಂದಾಜು. 'ಸುಮಾರು ಎರಡು ಲಕ್ಷ' ಎಂಬ ಅಡ್ಡಾದಿಡ್ಡಿ ಸಂಖ್ಯೆಗೆ ಒಪ್ಪಬೇಡಿ.

ನೇಪಾಳದ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 8ರಂದು ಅಲ್ಲಿ ಒಂದೇ ದಿನ 19 ಜನ ಸತ್ತರು, ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ನಿಜ. ಅದೇ ಮರುದಿನ ಸರ್ಕಾರದ ಆಡಳಿತ ಕೇಂದ್ರ ಸಿಂಹದರ್ಬಾರ್ ಜೊತೆಗೆ ಸುಪ್ರೀಂ ಕೋರ್ಟ್ ಕಟ್ಟಡಕ್ಕೂ ಬೆಂಕಿ ಬಿದ್ದು ಪ್ರಕರಣಗಳ ಕಡತಗಳು ಸುಟ್ಟುಹೋದವು. ಕುರ್ಚಿಯಿಂದ ಇಳಿದವನ ಮೇಲೆ ಮೊಕದ್ದಮೆ ನಡೆಸಲು ಬೇಕಾದ ಕಾಗದವೂ ಅಂಥ ಬೆಂಕಿಗೇ ಸಿಗುತ್ತದೆ. ನಿಮ್ಮ ತಾಲ್ಲೂಕು ಪಂಚಾಯ್ತಿಯ ಒಡೆದ ಕಿಟಕಿಯ ಹಿಂದಿನ ಕಪಾಟಿನಲ್ಲೇ ನಿಮ್ಮ ರಸ್ತೆಯ ಫೈಲೂ ಇರಬಹುದು. 'ಗಲಾಟೆಯಲ್ಲಿ ಕಾಣೆಯಾಯಿತು' ಎಂಬ ಉತ್ತರ ಬರುವ ಮೊದಲು ಅದರ ಪ್ರತಿ ಕೇಳಿಬಿಡಿ.

ರಸ್ತೆಯ ಫೈಲು

ಇ.ಓ. ಅವರಿಗೆ ಕೊಟ್ಟ ಅರ್ಜಿ ಏಕೆ ಸತ್ತಿತು? 'ಭಾರಿ ಭ್ರಷ್ಟಾಚಾರ ನಡೆದಿದೆ, ಸೂಕ್ತ ಕ್ರಮ ಕೈಗೊಳ್ಳಿ' ಎಂಬ ಅರ್ಜಿ ಕೆಳಗಿಳಿದು ಗ್ರಾಮ ಪಂಚಾಯ್ತಿಯ ಪಿ.ಡಿ.ಓ. (ಅಭಿವೃದ್ಧಿ ಅಧಿಕಾರಿ) ಮೇಜಿಗೇ ಬರುತ್ತದೆ. ಅಳತೆ ಬರೆದ ಎಂಜಿನಿಯರೇ ಸ್ಥಳ ಪರಿಶೀಲನೆ ಮಾಡಿ 'ಕಾಮಗಾರಿ ಅಂದಾಜಿನಂತೆ ಇದೆ' ಎಂದು ಬರೆಯುತ್ತಾರೆ, ಫೈಲ್ ಮುಚ್ಚುತ್ತದೆ. ಅವರವರ ತಪ್ಪನ್ನು ಅವರವರೇ ಪರೀಕ್ಷಿಸುವ ಈ ದಾರಿಯಿಂದ ಹೊರಬರಬೇಕಾದರೆ ಆರೋಪ ಸಂಖ್ಯೆಯಲ್ಲಿರಬೇಕು.

ಒಂದು ಕಾಮಗಾರಿಗೆ ಬೇಕಾದ ಕಾಗದ ಇಷ್ಟು: ಕ್ರಿಯಾ ಯೋಜನೆಯ ಪುಟ, ಅಂದಾಜು ಪತ್ರಿಕೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಜಿ.ಪಿ.ಎಸ್. ಫೋಟೊ, ಗುಣಮಟ್ಟ ಪರೀಕ್ಷೆಯ ವರದಿ, ಬಿಲ್ ಮತ್ತು ಪಾವತಿಯ ಪುಟ. ಮಾಹಿತಿ ಹಕ್ಕಿನಲ್ಲಿ ಕೇಳುವಾಗ ನಮ್ಮ ರಾಜ್ಯದ ನಿಯಮ ನೆನಪಿರಲಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಮೂರು ವರ್ಷದ ಎಲ್ಲ ಕಾಮಗಾರಿ ಕೇಳಿದ ಅರ್ಜಿ ಆ ಕಾರಣಕ್ಕೇ ತಿರಸ್ಕೃತವಾಗುತ್ತದೆ. 30 ದಿನದಲ್ಲಿ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ಹೆಚ್ಚು ಜನ ಬಳಸದ ಸೌಲಭ್ಯವೊಂದಿದೆ: ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೇಳಬಹುದು. ಅಂದರೆ ಸಿ.ಸಿ. ರಸ್ತೆಯನ್ನು ಕೊರೆಸಿ ಅದರ ತುಂಡು (ಕೋರ್) ತೆಗೆಸಬಹುದು.

ಆ ತುಂಡೇ ಮಾತಾಡುತ್ತದೆ. ಅಂದಾಜಿನಲ್ಲಿ 120 ಮೀಟರ್ ಉದ್ದ, 3.5 ಮೀಟರ್ ಅಗಲ, 150 ಮಿ.ಮೀ. ದಪ್ಪ ಎಂದಿದ್ದರೆ ಕಾಂಕ್ರೀಟ್ 63 ಘನ ಮೀಟರ್ ಆಗುತ್ತದೆ. ಕೋರ್‌ನಲ್ಲಿ ದಪ್ಪ 100 ಮಿ.ಮೀ. ಬಂದರೆ ಹಾಕಿದ್ದು 42. ಉಳಿದ 21 ಘನ ಮೀಟರಿಗೆ, ಎಂದರೆ ಮೂರನೇ ಒಂದು ಪಾಲಿಗೆ, ಹಣ ಹೋಗಿದೆ, ಕಾಂಕ್ರೀಟ್ ಬಂದಿಲ್ಲ. ಅಂಚಿನಲ್ಲಿ ದಪ್ಪ ತೋರಿಸಿ ನಡುವೆ ತೆಳು ಮಾಡುವುದು ಹಳೆಯ ಚಾಳಿ, ಹೀಗಾಗಿ ಕನಿಷ್ಠ ಮೂರು ಕಡೆ, ನಡುವಿನಲ್ಲೂ ತೆಗೆಸಿ.

ಎರಡು ಬಿಲ್ ಹಿಡಿಯುವುದು ಇನ್ನೊಂದು ಕೆಲಸ. ಒಂದೇ ರಸ್ತೆಗೆ ಎರಡು ಹೆಸರಿರುತ್ತದೆ: ಹಣಕಾಸು ಆಯೋಗದ ಅನುದಾನದಲ್ಲಿ 'ಹಣಮಂತ ದೇವರ ಗುಡಿಯಿಂದ ಮುಖ್ಯ ರಸ್ತೆವರೆಗೆ', ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ 'ಪರಿಶಿಷ್ಟ ಜಾತಿ ಓಣಿಯಲ್ಲಿ ಸಿ.ಸಿ. ರಸ್ತೆ'. ಕೆಲಸ ಮಾಡಿಸುವ ಸಂಸ್ಥೆಯೂ ಬೇರೆ. ಒಂದು ಕಡೆ ಗ್ರಾಮ ಪಂಚಾಯ್ತಿ, ಇನ್ನೊಂದು ಕಡೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ. ಇಬ್ಬರ ಫೈಲೂ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಅದರಲ್ಲೇ ಕಳ್ಳತನಕ್ಕೆ ಜಾಗ. ಪಂಚಾಯ್ತಿಯ ಕೇಂದ್ರ ಅನುದಾನದ ಪಾವತಿ ಇ-ಗ್ರಾಮಸ್ವರಾಜ್‌ನಲ್ಲಿ, ಗ್ರಾಮೀಣಾಭಿವೃದ್ಧಿ ಇಲಾಖೆಯ ಕಾಮಗಾರಿಗಳು ಗಾಂಧಿ ಸಾಕ್ಷಿ ಕಾಯಕದಲ್ಲಿ ನೋಡಸಿಗುತ್ತವೆ. ಎರಡೂ ಕಡೆಯ ಜಿ.ಪಿ.ಎಸ್. ಫೋಟೊದ ಅಕ್ಷಾಂಶ, ರೇಖಾಂಶ ಒಂದೇ ಆಗಿದ್ದರೆ ಭಾಷಣವೇ ಬೇಡ. ಜಮಾಬಂದಿಯನ್ನೂ ಬಿಡಬೇಡಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿ ಲೆಕ್ಕಪತ್ರ ಸಾರ್ವಜನಿಕವಾಗಿ ಇಡಲೇಬೇಕು. ನಿಮ್ಮ ಆಕ್ಷೇಪ ಆ ವರದಿಯಲ್ಲಿ ದಾಖಲಾದರೆ ಆಮೇಲೆ ತಿದ್ದುವುದು ಕಷ್ಟ.

ಕಾಗದದ ಬಲ ನಿಮ್ಮ ಮಗನಿಗೆ ಗೊತ್ತಿರುತ್ತದೆ. 545 ಪಿ.ಎಸ್.ಐ. ಹುದ್ದೆಗಳ ನೇಮಕಾತಿ ಅಕ್ರಮ ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಬಯಲಾದದ್ದು ಓ.ಎಂ.ಆರ್. ಉತ್ತರ ಹಾಳೆಯ ಪ್ರತಿಯಿಂದ. ಬರೆದ ಉತ್ತರ 21, ಬಂದ ಅಂಕ 121. ಅಲ್ಲಿಂದ ಶುರುವಾದ ತನಿಖೆ ಒಬ್ಬ ಎ.ಡಿ.ಜಿ.ಪಿ. ಬಂಧನದವರೆಗೆ ಹೋಯಿತು.

ಕಾಗದ ಕೈಗೆ ಬಂದ ಮೇಲೆ ಲೋಕಾಯುಕ್ತ. ಅಲ್ಲಿ ಎರಡು ಬಾಗಿಲಿವೆ, ಜನ ಸದಾ ಗೊಂದಲ ಮಾಡಿಕೊಳ್ಳುತ್ತಾರೆ. 1984ರ ಲೋಕಾಯುಕ್ತ ಕಾಯ್ದೆಯಡಿ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಕೊಟ್ಟರೆ ನಡೆಯುವುದು ವಿಚಾರಣೆ. ಅದರ ಕೊನೆಯಲ್ಲಿ ಸರ್ಕಾರಕ್ಕೆ ವರದಿ ಹೋಗುತ್ತದೆ, ಇಲಾಖಾ ಕ್ರಮ ಆಗಬಹುದು. ಆರೋಪದ ದೂರಿಗೆ ಘಟನೆಯಿಂದ ಐದು ವರ್ಷದ ಮಿತಿ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ದೂರುದಾರನಿಗೇ ಜೈಲು, ಹೀಗಾಗಿ ಕೇಳಿದ ಮಾತು ಪ್ರಮಾಣಪತ್ರದಲ್ಲಿ ಬರೆಯಬೇಡಿ. ಎರಡನೆಯ ಬಾಗಿಲು ಲೋಕಾಯುಕ್ತ ಪೊಲೀಸ್. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಎಫ್.ಐ.ಆರ್. ಮಾಡಿ, ಆರೋಪಪಟ್ಟಿ ಹಾಕಿ, ಜೈಲಿಗೆ ಕಳಿಸುವ ದಾರಿ ಇದು. 2016ರಲ್ಲಿ ಈ ಅಧಿಕಾರ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎ.ಸಿ.ಬಿ.) ಹೋಗಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎ.ಸಿ.ಬಿ. ರದ್ದುಪಡಿಸಿ ಮರಳಿ ಕೊಟ್ಟಿತು.

ಇಲ್ಲಿ ಎರಡು ತಡೆಗಳಿವೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 17ಎ ಪ್ರಕಾರ, ಅಧಿಕಾರಿಯ ತೀರ್ಮಾನ ಅಥವಾ ಶಿಫಾರಸಿಗೆ ಸಂಬಂಧಿಸಿದ ಆರೋಪದ ತನಿಖೆಗೆ ಮೊದಲೇ ಒಪ್ಪಿಗೆ ಬೇಕು, ಅದಕ್ಕೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು. ಆರೋಪಪಟ್ಟಿಯ ಹೊತ್ತಿಗೆ ಅದೇ ಕಾಯ್ದೆಯ 19ರಡಿ ಮೊಕದ್ದಮೆ ನಡೆಸುವ ಅನುಮತಿ ಬೇಕು. ದೂರು ಬರೆಯುವ ರೀತಿ ಇಲ್ಲಿ ಮುಖ್ಯವಾಗುತ್ತದೆ. 'ತಪ್ಪು ಜಾಗದಲ್ಲಿ ರಸ್ತೆ ಮಂಜೂರು ಮಾಡಿದರು' ಎಂದರೆ ಅದು ತೀರ್ಮಾನದ ವಿಷಯ. 'ಅಳತೆ ಪುಸ್ತಕದ ಇಂಥ ಪುಟದಲ್ಲಿ ಇಲ್ಲದ ಅಳತೆ ಬರೆದು ಇಷ್ಟು ಹಣ ತೆಗೆದರು' ಎಂದರೆ ಅದು ಸುಳ್ಳು ದಾಖಲೆ, ಹಣ ಲಪಟಾವಣೆ. ಇದು 17ಎ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾದಿಸಲು ಜಾಗವಿದೆ. ಅಧ್ಯಕ್ಷರೂ ಸದಸ್ಯರೂ ಈ ಕಾಯ್ದೆಯಲ್ಲಿ ಸರ್ಕಾರಿ ನೌಕರರ ಲೆಕ್ಕವೇ. ಜೊತೆಗೆ ಪಂಚಾಯತ್ ರಾಜ್ ಕಾಯ್ದೆಯ 43ಎ ಮತ್ತು 48(4)ರಡಿ ದುರ್ನಡತೆಗಾಗಿ ತೆಗೆದುಹಾಕಲು ಜಿಲ್ಲಾ ಪಂಚಾಯ್ತಿ ಸಿ.ಇ.ಓ. ಮೂಲಕ ಸರ್ಕಾರಕ್ಕೆ ಬರೆಯಬಹುದು. ಅದು ರಾಜಕೀಯ ಒತ್ತಡಕ್ಕೆ ಬೇಗ ಮಣಿಯುವ ದಾರಿ, ಅದನ್ನೊಂದೇ ನಂಬಬೇಡಿ.

ಶಾಸಕರ ಕಡೆಯವರ ಪರ್ಸೆಂಟೇಜ್ ವಿಷಯವನ್ನು ಈ ದೂರಿನಲ್ಲಿ ಸೇರಿಸಬೇಡಿ. ಸುಳ್ಳೆಂದು ನಾನು ಹೇಳುತ್ತಿಲ್ಲ. ಸಾಬೀತು ಮಾಡುವ ಬಗೆಯೇ ಬೇರೆ. ಲಂಚದ ಪ್ರಕರಣದಲ್ಲಿ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ, ಸಾಂದರ್ಭಿಕ ಸಾಕ್ಷ್ಯ ನಡೆಯುತ್ತದೆ ಎಂಬುದಷ್ಟೇ ಸಮಾಧಾನ. ಕೊಟ್ಟವನು ಗುತ್ತಿಗೆದಾರ. 2018ರ ನಂತರ ಕೊಟ್ಟವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟು ಏಳು ದಿನದಲ್ಲಿ ತಿಳಿಸಿದ್ದರೆ, ಅಥವಾ ಮೊದಲೇ ಪೊಲೀಸರಿಗೆ ಹೇಳಿ ಬಲೆಗೆ ಕೆಡವಿದ್ದರೆ ಮಾತ್ರ ಪಾರು. ವರ್ಷ ಕಳೆದ ಮೇಲೆ ಯಾವ ಗುತ್ತಿಗೆದಾರ ತಾನೇ ಬಾಯಿ ಬಿಟ್ಟಾನು? ಸಾಕ್ಷಿಯಿಲ್ಲದ ದೊಡ್ಡ ಹೆಸರೊಂದನ್ನು ಸೇರಿಸಿದರೆ ಸಾಕ್ಷಿಯಿರುವ ರಸ್ತೆಯ ದೂರೂ 'ರಾಜಕೀಯ' ಎನಿಸಿಕೊಳ್ಳುತ್ತದೆ. ಹಣದ ಜಾಡು ಹಿಡಿದು ಮೇಲಕ್ಕೆ ಹೋಗುವುದು ತನಿಖಾಧಿಕಾರಿಯ ಕೆಲಸ. ಈ ಕಾಯ್ದೆಯಲ್ಲಿ ಶಿಕ್ಷೆಯಾದರೆ ಶಾಸಕತ್ವ ಹೋಗುತ್ತದೆ, ಲಂಚಕ್ಕೆ ಸದನದ ವಿಶೇಷ ಹಕ್ಕಿನ ರಕ್ಷಣೆಯೂ ಇಲ್ಲ ಎಂದು 2024ರ ಮಾರ್ಚ್ 4ರ ತೀರ್ಪು ಹೇಳಿದೆ.

ಅದಲು ಬದಲಿನ ಮಾತು

ಅಧ್ಯಕ್ಷರ ಕಡೆಯವರು ಕೊಡುತ್ತೇವೆನ್ನುವುದು ಅವರ ಕೈಯಲ್ಲಿಲ್ಲ. ಕಲ್ಲಿನ ಪ್ರಕರಣದಲ್ಲಿ ಫಿರ್ಯಾದಿ ಪೊಲೀಸರೋ ಅಧಿಕಾರಿಯೋ, ನಡೆಸುವುದು ಸರ್ಕಾರ. ವಾಪಸ್ ಪಡೆಯಲು ಸರ್ಕಾರಿ ಅಭಿಯೋಜಕರು ನಾಗರಿಕ ಸುರಕ್ಷಾ ಸಂಹಿತೆಯ 360ರಡಿ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಸಂಪುಟವೇ ತೀರ್ಮಾನಿಸಿದರೂ ಗ್ಯಾರಂಟಿ ಇಲ್ಲ. 2022ರ ಹಳೆ ಹುಬ್ಬಳ್ಳಿ ಗಲಭೆ ಸೇರಿ 43 ಪ್ರಕರಣ ಹಿಂಪಡೆಯುವ 2024ರ ಅಕ್ಟೋಬರ್‌ನ ಸರ್ಕಾರಿ ಆದೇಶವನ್ನು ಹೈಕೋರ್ಟ್ 2025ರ ಮೇ 29ರಂದು ರದ್ದುಪಡಿಸಿತು. 'ನಮ್ಮ ಪಾರ್ಟಿ ಬಂದರೆ ಕೇಸ್ ಹೋಗುತ್ತದೆ' ಎಂದು ಎರಡೂ ಕಡೆಯವರು ಹುಡುಗರಿಗೆ ಹೇಳುತ್ತಾರೆ. ಹುಡುಗರು ನಂಬಿ ತಾರೀಖು ತಪ್ಪಿಸುತ್ತಾರೆ, ವಾರಂಟ್ ಬರುತ್ತದೆ.

ನೀವು ಕೊಡಬೇಕೆಂದು ಅವರು ಕೇಳುತ್ತಿರುವುದು ಮಾತ್ರ ನಿಮ್ಮ ಕೈಯಲ್ಲಿದೆ, ಅಲ್ಲೇ ಮೋಸ. ನೀವು ಅರ್ಜಿ ಹಿಂಪಡೆದ ದಿನ ಅವರ ಕೆಲಸ ಮುಗಿಯಿತು, ನಿಮ್ಮದು ಹಾಗೇ ಉಳಿಯಿತು. ಮೇಲಾಗಿ ಶಿಕ್ಷೆ ತಪ್ಪಿಸಲು ಏನನ್ನಾದರೂ ಕೊಡುವುದು, ಪಡೆಯುವುದು ಎರಡೂ ಅಪರಾಧ. ಹಿರಿಯರ ಪಂಚಾಯಿತಿಯಲ್ಲಿ ಕೂತು ಬಾಂಡ್ ಪೇಪರ್ ಮೇಲೆ ಬರೆದ ಒಪ್ಪಂದ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿ. ಊರಿನ ಹಗೆ ಕಡಿಮೆ ಮಾಡಲು ಹಿರಿಯರು ಕೂರುವುದು ಒಳ್ಳೆಯದೇ, ಕೂಡಿ. ಹಬ್ಬ, ನೀರು, ಹೊಲದ ದಾರಿ ಮಾತಾಡಿ. ಈ ಎರಡು ಪ್ರಕರಣಗಳನ್ನು ಮಾತ್ರ ಅಲ್ಲಿಗೆ ತರಬೇಡಿ. ದೂರುದಾರರಿಗೆ ಬೆದರಿಕೆ ಬಂದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು.

ಮತ್ತೆ ಧರಣಿ ಕೂರುವುದಾದರೆ

ಕೂರುವ ಹಕ್ಕು ಹೋಗಿಲ್ಲ. ಆದರೆ ನಿಮ್ಮ ಪತ್ರದಲ್ಲೇ ತಪ್ಪಿದ್ದೆಲ್ಲೆಂದು ಕಾಣುತ್ತದೆ: 'ಮಧ್ಯಾಹ್ನದ ಮ್ಯಾಲ'. ಮನವಿ ಯಾರು, ಎಷ್ಟು ಗಂಟೆಗೆ ಸ್ವೀಕರಿಸುತ್ತಾರೆಂದು ಮೊದಲೇ ಬರೆಸಿಕೊಳ್ಳದಿದ್ದರೆ ಜನ ಬಿಸಿಲಿನಲ್ಲಿ ಕಾಯುತ್ತಾರೆ, ಹೊಸ ಮುಖಗಳು ಸೇರುತ್ತವೆ, ಕುಡಿದವರು ಬರುತ್ತಾರೆ. ಬೆಳಿಗ್ಗೆ ಶುರು ಮಾಡಿ ಎರಡು ತಾಸಿನಲ್ಲಿ ಮುಗಿಸಿ. ರಸ್ತೆ ಕಾಮಗಾರಿಯ ಖಡಿ ಬಿದ್ದಿರುವ ಜಾಗದಲ್ಲಿ ಸೇರಬೇಡಿ. ಇಪ್ಪತ್ತು ಜನಕ್ಕೊಬ್ಬ ಸ್ವಯಂಸೇವಕ, ಅವನ ಹೆಸರು ಠಾಣೆಗೆ ಕೊಟ್ಟ ಪಟ್ಟಿಯಲ್ಲಿರಲಿ. ಮೂರು ಮೂಲೆಯಿಂದ ನಿರಂತರ ವಿಡಿಯೊ ಆಗಲಿ. ಗಲಾಟೆಯ ಮೊದಲ ಸೂಚನೆಗೇ ಮೈಕಿನಲ್ಲಿ 'ಧರಣಿ ಮುಗಿಯಿತು' ಎಂದು ಘೋಷಿಸಿ, ನೀವೇ 112ಕ್ಕೆ ಕರೆ ಮಾಡಿ. ಸಂಘಟಕರ ಹೊಣೆಯ ಪ್ರಶ್ನೆ ಬಂದಾಗ ಆ ಕರೆಯ ದಾಖಲೆಯೇ ನಿಮ್ಮ ಪರ ನಿಲ್ಲುತ್ತದೆ. ಜಿಲ್ಲಾಧಿಕಾರಿಗಳ 163ರ (ಹಿಂದಿನ 144ರ) ನಿಷೇಧಾಜ್ಞೆ ಇದ್ದರೆ ಮೀರಬೇಡಿ. ಅನ್ಯಾಯದ ಆಜ್ಞೆ ಎನಿಸಿದರೆ ಪ್ರಶ್ನಿಸಲು ಹೈಕೋರ್ಟ್ ಇದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144ರ ಆಜ್ಞೆ ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಿದ ಉದಾಹರಣೆಯಿದೆ. ಗಾಯಗೊಂಡ ಪೊಲೀಸರನ್ನು ನಿಮ್ಮ ಕಡೆಯ ಒಬ್ಬ ಹಿರಿಯರು ಹೋಗಿ ಮಾತಾಡಿಸಿ ಬಂದರೆ ತಪ್ಪಿಲ್ಲ. ಹೇಳಿಕೆ ಬದಲಿಸಿ ಎಂಬ ಮಾತು ಮಾತ್ರ ಬರಕೂಡದು.

ಮಗನ ಪರೀಕ್ಷೆ: ಎಫ್.ಐ.ಆರ್. ಇದ್ದ ಮಾತ್ರಕ್ಕೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಕೆಲಸ ಕಳೆದುಕೊಳ್ಳುವವರಲ್ಲಿ ಬಹಳ ಜನ ಪ್ರಕರಣ ಮುಚ್ಚಿಟ್ಟು ಕಳೆದುಕೊಳ್ಳುತ್ತಾರೆ. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪಿನಂತೆ, ಇದ್ದದ್ದನ್ನು ಹೇಳಿದವನ ಪ್ರಕರಣದ ಸ್ವರೂಪ ನೋಡಿ ನೇಮಕ ಪ್ರಾಧಿಕಾರ ತೀರ್ಮಾನಿಸಬೇಕು. ಮುಚ್ಚಿಟ್ಟದ್ದು ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕರೆ ಅದೇ ಕಾರಣಕ್ಕೆ ತೆಗೆಯಬಹುದು. ಪೊಲೀಸ್ ಹುದ್ದೆಗೆ ಪರಿಶೀಲನೆ ಇನ್ನೂ ಬಿಗಿ ಎಂಬುದನ್ನು ಅವನು ತಿಳಿದಿರಲಿ, ಇನ್ನೊಂದೆರಡು ಪರೀಕ್ಷೆಗೂ ಅರ್ಜಿ ಹಾಕಿರಲಿ. 'ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ' ಎಂಬ ಕಾಲಂನಲ್ಲಿ 'ಹೌದು' ಎಂದು ಬರೆದು, ಠಾಣೆ, ಅಪರಾಧ ಸಂಖ್ಯೆ, ಕಲಮು, ಈಗಿನ ಹಂತ ನಮೂದಿಸಿ, ಜಾಮೀನು ಆದೇಶದ ಪ್ರತಿ ಲಗತ್ತಿಸಲಿ.